ದೇವದುರ್ಗದಲ್ಲಿ ಕಳೆದುಹೋದ ಎಂಬತ್ತು ಮಿಲಿಗ್ರಾಂ

ಹೋದ ತಿಂಗಳು ಹೊಸದಾಗಿ ನೇಮಕವಾದ ಇನ್ಸ್‌ಪೆಕ್ಟರ್ ಒಬ್ಬಾಕೆ ರಾಯಚೂರಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು. "ಸರ್, ಈ ಕೆಲಸಕ್ಕ ಮುಖ್ಯವಾಗಿ ಏನು ಬೇಕ್ರೀ?" ಎಂದು ಕೇಳಿದಳು. ನಾನು ಯೋಚಿಸದೆ "ಬೆನ್ನು" ಎಂದುಬಿಟ್ಟೆ. ಆಕೆ ನಕ್ಕಳು, ಆದರೂ ಬರೆದುಕೊಂಡಳು.

ನಾನು ತಮಾಷೆ ಮಾಡಿರಲಿಲ್ಲ. ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿ ಇಪ್ಪತ್ತಾರು ವರ್ಷ ಕಬ್ಬಿಣದ ಕಲ್ಲುಗಳನ್ನು ಬಸ್ಸಿಗೆ ಏರಿಸಿ ಇಳಿಸಿ, ಐವತ್ತೆರಡಕ್ಕೇ ಸೊಂಟ ಕೈಕೊಟ್ಟು, ಸ್ವಯಂ ನಿವೃತ್ತಿ ತೆಗೆದುಕೊಂಡವನು ನಾನು. ಈಗ ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಮೊಮ್ಮಕ್ಕಳು ಇನ್ನೂ ಹುಟ್ಟಿಲ್ಲ, ಆದರೆ ಅದರ ಚಿಂತೆಯನ್ನು ಈಗಲೇ ಶುರು ಮಾಡಿದ್ದೇನೆ. ಆಕೆ ಹೋದ ಮೇಲೆ ಇನ್ನೊಂದು ಚಿಂತೆ ಹತ್ತಿತು. ಪಾಪ, ಅಷ್ಟು ದೂರದಿಂದ ಬಂದವಳಿಗೆ ಬೆನ್ನು ಅಂತ ಹೇಳಿ ಕಳಿಸಿದೆನಲ್ಲ! ಹೇಳಬೇಕಾದದ್ದು ದೇವದುರ್ಗದ ಸಂಗತಿ. ಅದು ನೆನಪಾದರೆ ಈಗಲೂ ನನಗೆ ಕುರ್ಚಿಯಲ್ಲಿ ಕೂತಿರಲು ಆಗುವುದಿಲ್ಲ. ಎದ್ದರೆ ಸೊಂಟ ಹಿಡಿಯುತ್ತದೆ, ಅದು ಬೇರೆ ಮಾತು. ಆಕೆಗೂ, ಆಕೆಯ ಹಾಗೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಯಾಪಲದಿನ್ನಿಯವನು. ನಮ್ಮವ್ವ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಸಂಜೆ ಹೊಲದ ಬದುವಿನಲ್ಲಿ ಆಕೆಯ ಗಂಟನ್ನು ಕೊಕ್ಕೆಗೆ ಸಿಕ್ಕಿಸಿ ತೂಗುವಾಗ, ಆಕೆ ಮುಳ್ಳನ್ನು ನೋಡುತ್ತಿರಲಿಲ್ಲ, ತೂಗುವವನ ಮುಖ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ತೂಕ ಎನ್ನುವ ಮಾತಿಗೆ ಬಹಳ ಕೆಲಸವಿತ್ತು. ಜ್ವರ ಬಂದು ಎದ್ದವರು ತೂಕ ಇಳಿದಿರುತ್ತಿದ್ದರು, ಊರ ಗೌಡರು ತೂಕದ ಮನುಷ್ಯರಾಗಿದ್ದರು, ನನ್ನ ಚಿಕ್ಕಪ್ಪನ ಮಾತಿಗೆ ತೂಕವೇ ಇರಲಿಲ್ಲ. ನಾನು ರಾಯಚೂರಿನಲ್ಲಿ ಬಿಎಸ್ಸಿ ಮಾಡಿ, ಭೌತಶಾಸ್ತ್ರದ ಪುಸ್ತಕದಲ್ಲಿ ಇದೇ ಮಾತಿಗೆ ಬೇರೆಯೇ ಅರ್ಥವಿರುವುದನ್ನು ಕಂಡಾಗ, ಊರವರಿಗೆ ಯಾರಿಗೂ ಗೊತ್ತಿಲ್ಲದ ಗುಟ್ಟು ನನಗೊಬ್ಬನಿಗೆ ಸಿಕ್ಕಿತು ಅನ್ನಿಸಿತ್ತು. ಆ ಸೊಕ್ಕು ಇಟ್ಟುಕೊಂಡೇ ಕೆಲಸಕ್ಕೆ ಸೇರಿದೆ.

ನನ್ನ ಮೇಲಿನ ಅಧಿಕಾರಿ ಸೈಯದ್ ಸಾಹೇಬರು. ಎತ್ತರದ ಆಳು, ಬಿಳಿ ಮೀಸೆ, ಬಾಯಲ್ಲಿ ಸದಾ ಎಲೆ-ಅಡಿಕೆ. ಮೊದಲ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ಏನಪಾ, ತೂಕ ಅಂದ್ರ ಏನು?"

ನಾನು ಎದ್ದು ನಿಂತು ಒಪ್ಪಿಸಿದೆ. ತೂಕ ಎಂದರೆ ಭೂಮಿಯು ಒಂದು ವಸ್ತುವನ್ನು ತನ್ನ ಕಡೆಗೆ ಎಳೆಯುವ ಬಲ. ವಸ್ತುವಿನಲ್ಲಿ ಎಷ್ಟು ಸರಕು ಇದೆ ಎಂಬುದು ಬೇರೆ, ಅದಕ್ಕೆ ದ್ರವ್ಯರಾಶಿ ಎನ್ನಬೇಕು. ಕಿಲೋಗ್ರಾಂ ಎನ್ನುವುದು ದ್ರವ್ಯರಾಶಿಯ ಅಳತೆ, ತೂಕದ ಅಳತೆಯಲ್ಲ.

"ಹಂಗಾದ್ರ ಹೊರಗ ಬೋರ್ಡಿನ ಮ್ಯಾಲ ತೂಕ ಅಂತ ಬರದದಲ್ಲ, ಅದು ತಪ್ಪೇನು?"

"ಶಾಸ್ತ್ರದ ಪ್ರಕಾರ ತಪ್ಪ್ರೀ ಸರ್."

ಸಾಹೇಬರು ಎಲೆ ಉಗಿದು ಬಂದು, ಶಾಂತವಾಗಿ ಹೇಳಿದರು: "ಒಂದು ಕೆಲಸ ಮಾಡು. ಬಜಾರಕ್ಕ ಹೋಗಿ, ಒಂದು ಕಿಲೋ ದ್ರವ್ಯರಾಶಿ ಬದ್ನಿಕಾಯಿ ಕೊಡಬೇ ಯವ್ವಾ ಅಂತ ಕೇಳು. ಆಕಿ ಏನು ಕೊಡ್ತಾಳ ನೋಡಿಕೊಂಡು ಬಾ."

ಅಂದಿನಿಂದ ಆಫೀಸಿನಲ್ಲಿ ನನ್ನ ಹೆಸರು ದ್ರವ್ಯರಾಶಿ. "ಲೇ ದ್ರವ್ಯರಾಶಿ, ಚಾ ಕುಡದೇನು?" "ದ್ರವ್ಯರಾಶಿ ಇವತ್ತ ರಜಾ." ಅಪ್ಪ-ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳುತ್ತಿತ್ತು.

ಸಾಹೇಬರಿಗೆ ಶಾಸ್ತ್ರ ಬರುತ್ತಿರಲಿಲ್ಲ, ಕೈ ಬರುತ್ತಿತ್ತು. ಅಂಗಡಿಯ ಕಿಲೋ ಕಲ್ಲನ್ನು ಅಂಗೈಯಲ್ಲಿ ಎರಡು ಸಲ ಕುಪ್ಪಳಿಸಿ, "ಸವದದ ಇದು" ಎಂದರೆ ಮುಗಿಯಿತು, ಸವೆದೇ ಇರುತ್ತಿತ್ತು. ನನಗೆ ಆ ಕೈ ಬರಲಿಲ್ಲ. ನನಗೆ ಬಂದದ್ದು ಹೆದರಿಕೆ. ನಮ್ಮ ಜೊತೆ ಒಂದು ಮರದ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಮಖಮಲ್ಲಿನ ಗುಳಿಗಳೊಳಗೆ ಸರಕಾರದ ಮಾದರಿ ಕಲ್ಲುಗಳು, ಅಂದರೆ ಎಲ್ಲರ ಕಲ್ಲನ್ನೂ ಯಾವುದಕ್ಕೆ ಹೋಲಿಸಿ ನೋಡುತ್ತೇವೋ ಅವು. ಅವನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡೂ ತೂಗುತ್ತದೆ. ನಾನು ಇದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡೆನೆಂದರೆ, ಮನೆಯಲ್ಲಿ ಉಪ್ಪಿನ ಡಬ್ಬಿ ಮುಟ್ಟುವ ಮೊದಲೂ ಕೈ ಒರೆಸಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಮೊದಮೊದಲು ಇದನ್ನು ಸಂಸ್ಕಾರ ಎಂದುಕೊಂಡಿದ್ದಳು.

ದೊಡ್ಡ ಕಲ್ಲುಗಳಿಗೆ ಮಖಮಲ್ಲಿನ ಭಾಗ್ಯವಿಲ್ಲ. ಇಪ್ಪತ್ತು ಕಿಲೋದ ಕಬ್ಬಿಣದ ತುಂಡುಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಒಮ್ಮೆ ಕವಿತಾಳದ ಸ್ಟ್ಯಾಂಡಿನಲ್ಲಿ ಮಾನ್ವಿಯ ಬಸ್ಸು ಹತ್ತಿದಾಗ ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿಕೊಂಡು, ನೋವಿನಿಂದ ಕೂಗಿದ.

"ಏನದರೀ ಇದು ಚೀಲದಾಗ?"

"ತೂಕದ ಕಲ್ಲು."

"ಕಲ್ಲು ಹೇರಿಕೊಂಡು ಹೊಂಟೀರಿ? ಯಾಕ್ರೀ, ಮಾನ್ವಿಯಾಗ ಕಲ್ಲು ತೀರ್ಯಾವೇನು?"

ಬಸ್ಸೆಲ್ಲ ನಕ್ಕಿತು. ಇವು ಸರಕಾರದ ಮಾದರಿ ಕಲ್ಲುಗಳು, ಇವುಗಳಿಂದಲೇ ತಾಲೂಕಿನ ನ್ಯಾಯ ನಡೆಯುತ್ತದೆ ಎಂದು ನಾನು ವಿವರಿಸಲು ಹೋದೆ. "ನ್ಯಾಯ ಆಮ್ಯಾಲ ನಡಸ್ರಿ, ಮೊದಲ ದಾರಿ ಬಿಟ್ಟು ಸರಸ್ರಿ" ಎಂದ ಅವನು. ಸರಿಸುವಾಗಲೇ ಮೊದಲ ಸಲ ಸೊಂಟದಲ್ಲಿ ಏನೋ ಚಳಕ್ ಎಂದದ್ದು.

ಆ ದಿನ ಹೋಗುತ್ತಿದ್ದದ್ದು ಮಾನ್ವಿಯ ಒಂದು ಅಕ್ಕಿ ಗಿರಣಿಗೆ. ಕಾಂಟಾ, ಅಂದರೆ ತೂಗುವ ಯಂತ್ರದ, ಪರೀಕ್ಷೆ ಮುಗಿದು ಚಹಾ ಬಂದಾಗ ನಾನು ಎಂದಿನಂತೆ ನನ್ನ ಚಂದ್ರನ ಮಾತು ತೆಗೆದೆ. ಅದು ನನ್ನ ಖಾಯಂ ಪಾಠ. ಎಲ್ಲಿ ಚಹಾ ಕೊಟ್ಟರೂ ಹೇಳುತ್ತಿದ್ದೆ: ತೂಕ ಎನ್ನುವುದು ವಸ್ತುವಿನ ಸ್ವಂತದ್ದಲ್ಲ ಸಾವ್ಕಾರ್ರೆ, ಅದು ನೆಲದ ಎಳೆತ. ಚಂದ್ರನ ಎಳೆತ ಕಡಿಮೆ. ಇದೇ ಅಕ್ಕಿ ಚೀಲ ಅಲ್ಲಿಗೆ ಒಯ್ದರೆ ಅಕ್ಕಿ ಒಂದು ಕಾಳೂ ಕಡಿಮೆಯಾಗುವುದಿಲ್ಲ, ತೂಕ ಮಾತ್ರ ಆರರಲ್ಲಿ ಒಂದು ಪಾಲಾಗುತ್ತದೆ.

ಗಿರಣಿಯ ಸಾವ್ಕಾರರು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಹಂಗಾದ್ರ ಗಿರಣಿ ಅಲ್ಲೇ ಹಾಕಬೇಕಾಗಿತ್ತು ನೋಡ್ರಿ. ನಮ್ಮ ಹಮಾಲರಿಗೆ ಎಷ್ಟು ಸುಖ ಆಗತಿತ್ತು" ಎಂದರು.

ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಮುದುಕ ಹಮಾಲನೊಬ್ಬ ಅಲ್ಲಿಂದಲೇ ಅಂದ: "ಬ್ಯಾಡ್ರಿ ಸಾವ್ಕಾರ್ರ, ಇಲ್ಲೇ ಇರ್ರಿ. ಅಲ್ಲಿ ಚೀಲ ಹಗುರಾದ್ವು ಅಂತ ಒಬ್ಬೊಬ್ಬನ ಬೆನ್ನಿಗೆ ಆರಾರು ಹೊರಸ್ತೀರಿ."

ನಾನು ಈ ಮಾತನ್ನು ವರ್ಷಗಟ್ಟಲೆ ಹೇಳಿಕೊಂಡು ನಗಿಸಿದೆ. ಚಂದ್ರನಿಗೆ ಹೋದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ದೇವದುರ್ಗಕ್ಕೆ ಹೋದರೆ ಏನಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಮುದ್ರೆ ಕ್ಯಾಂಪು ಎಂದು ಒಂದಿದೆ. ತಾಲೂಕಿನ ಊರಿಗೆ ಹೋಗಿ ಒಂದು ಕಡೆ ಕೂರುವುದು. ವ್ಯಾಪಾರಿಗಳು ತಮ್ಮ ತಮ್ಮ ಕಲ್ಲು, ತಕ್ಕಡಿ, ಲೀಟರು ತಂದು ಸಾಲು ನಿಲ್ಲುವುದು. ನಾವು ಒಂದೊಂದನ್ನೇ ಪರೀಕ್ಷಿಸಿ ಸರಿಯಿದ್ದರೆ ಮುದ್ರೆ ಹೊಡೆದು ಕೊಡುವುದು. ಅದು ಎಲ್ಲರ ಕಣ್ಣೆದುರೇ ನಡೆಯುತ್ತದೆ. ಯಾರ ಕಲ್ಲು ಪಾಸಾಯಿತು, ಯಾರದು ಬಿತ್ತು ಎನ್ನುವುದು ಸಂಜೆಯೊಳಗೆ ಬಜಾರಿಗೆಲ್ಲ ಗೊತ್ತಾಗುತ್ತದೆ. ಹೀಗಾಗಿ ಕ್ಯಾಂಪಿನಲ್ಲಿ ಇನ್ಸ್‌ಪೆಕ್ಟರನ ಬಾಯಿ ಬಹಳ ಹಿಡಿತದಲ್ಲಿ ಇರಬೇಕು. ಸೈಯದ್ ಸಾಹೇಬರು ಕಲ್ಲು ಸವೆದಿದ್ದರೆ ಗಟ್ಟಿಯಾಗಿ ಹೇಳುತ್ತಿರಲಿಲ್ಲ. "ಇದಕ್ಕೊಂಚೂರು ದವಾಖಾನಿ ಬೇಕು" ಎಂದು ಪಕ್ಕಕ್ಕಿಡುತ್ತಿದ್ದರು. ಅದು ಯಾಕೆಂದು ನಾನು ಕೇಳಿರಲಿಲ್ಲ.

ಆ ಹೊತ್ತಿಗೆ ಕಾಲ ಬದಲಾಗಿತ್ತು. ಎರಡು ತಟ್ಟೆಯ ತಕ್ಕಡಿಗಳು ಅಟ್ಟ ಸೇರಿ, ಕೆಂಪು ಅಂಕಿ ತೋರಿಸುವ ಒಂದೇ ತಟ್ಟೆಯ ಎಲೆಕ್ಟ್ರಾನಿಕ್ ಕಾಂಟಾಗಳು ಬರತೊಡಗಿದ್ದವು. ನನಗಂತೂ ಹಬ್ಬ. ಕೈ ಬೇಡ, ಕಣ್ಣು ಬೇಡ, ಅಂಕಿ ಓದಿದರಾಯಿತು. ಯಂತ್ರಕ್ಕೆ ಹಿಂಜರಿಕೆ ಇಲ್ಲ, ನನಗೂ ಬೇಡ ಎಂದುಕೊಂಡಿದ್ದೆ.

ದೇವದುರ್ಗದ ಕ್ಯಾಂಪಿಗೆ ಆ ಸಲ ಮೌನೇಶ ಪತ್ತಾರ ಬಂದ. ಅಕ್ಕಸಾಲಿಗ, ನನ್ನದೇ ವಯಸ್ಸು, ಮೆತ್ತಗಿನ ಮಾತಿನವನು. ಮೂರು ತಲೆಮಾರಿನಿಂದ ಸುತ್ತಲಿನ ಹಳ್ಳಿಗಳ ಮದುಮಕ್ಕಳಿಗೆ ತಾಳಿ, ತಾಳಿಸರದ ಬಂಗಾರದ ಗುಂಡು ಮಾಡಿಕೊಡುವ ಮನೆತನ. ಹೊಸ ಟವೆಲ್ಲಿನಲ್ಲಿ ಸುತ್ತಿದ ಡಬ್ಬಿಯನ್ನು ಕೂಸಿನ ಹಾಗೆ ಹಿಡಿದು ತಂದು ನನ್ನ ಮುಂದಿಟ್ಟ.

"ಸಾಹೇಬ್ರ, ಬಂಗಾರ ತೂಗೋ ಹೊಸಾ ಕಾಂಟಾರೀ. ನಮ್ಮ ಭಾವ ದಿಲ್ಲಿ ಕಡೆ ಕೆಲಸದಾಗ ಇದ್ದಾನ, ಅಲ್ಲೇ ಕಾರ್ಖಾನಿಯಿಂದಾನೇ ಕೊಂಡು ತಂದಾನ. ಇನ್ನೂ ಒಂದು ಎಳಿ ಬಂಗಾರ ಸೈತ ಇಟ್ಟಿಲ್ಲ. ಮೊದಲ ನಿಮ್ಮ ಮುದ್ರಿ ಬೀಳ್ಲಿ, ಆಮ್ಯಾಲ ಪೂಜಿ ಮಾಡಿ ಅಂಗಡಿಯಾಗ ಇಡ್ತೀನಿ."

ಅಂಥ ಸೂಕ್ಷ್ಮದ ಕಾಂಟಾ ಆ ತಾಲೂಕಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಗ್ರಾಮಿನ ಸಾವಿರದಲ್ಲಿ ಒಂದು ಪಾಲನ್ನೂ ತೋರಿಸುತ್ತಿತ್ತು. ಕಾರ್ಖಾನೆಯ ಸೀಲು ಹಾಗೇ ಇತ್ತು. ಚಿಮಟದಿಂದ ನೂರು ಗ್ರಾಮಿನ ಮಾದರಿ ಕಲ್ಲನ್ನು ತಟ್ಟೆಯ ಮೇಲಿಟ್ಟೆ. ಅಂಕಿ ಓಡಿ ಓಡಿ ನಿಂತಿತು. ನೂರು ಬರಲಿಲ್ಲ. ತೊಂಬತ್ತೊಂಬತ್ತು ಗ್ರಾಂ, ಒಂಬೈನೂರ ಹದಿನೇಳು ಮಿಲಿಗ್ರಾಂ. ತೆಗೆದು ಮತ್ತೆ ಇಟ್ಟೆ. ಅದೇ. ಮೂರನೇ ಸಲವೂ ಅದೇ. ಎಂಬತ್ತು ಮಿಲಿಗ್ರಾಮಿಗೂ ಮೇಲೆ ಕಡಿಮೆ.

ಬಿಸಿಲು, ಗದ್ದಲ, ಹಿಂದಿನ ವಾರವಷ್ಟೇ ಬಂದಿದ್ದ ಮೋಸದ ಕಾಂಟಾಗಳ ಬಗೆಗಿನ ಎಚ್ಚರಿಕೆಯ ಪತ್ರ... ನೆಪಗಳು ಬೇಕಾದಷ್ಟಿವೆ. ನಿಜವೆಂದರೆ, ಕಳ್ಳನನ್ನು ಹಿಡಿದೆ ಎಂಬ ಖುಷಿ ನನಗೆ ನೆತ್ತಿಗೇರಿತ್ತು. ಗಟ್ಟಿಯಾಗಿ ಕೂಗಿದೆ:

"ಏನ್ರೀ ಪತ್ತಾರ್! ಕಡಿಮಿ ತೂಗ್ತದಲ್ರೀ ಇದು! ಮಂದಿ ಹಳೇ ಬಂಗಾರ ತಂದು ಇಟ್ರ ತಿನ್ನಾಕ ತರಿಸೀರೇನು?"

ಸಾಲಿನಲ್ಲಿ ತನ್ನ ಕಿಲೋ ಕಲ್ಲುಗಳನ್ನು ಹಿಡಿದು ನಿಂತಿದ್ದ ಕಾಯಿಪಲ್ಯದ ಈರಮ್ಮ ಮೊದಲು ಮಾತಾಡಿದಳು.

"ಯಪ್ಪಾ ಮೌನೇಶಾ, ಮೊನ್ನೆ ನನ್ನ ಗುಂಡು ಕರಗಿಸಾಕ ಕೊಟ್ಟೀನಲ್ಲೋ. ಅದನ್ನೂ ಹಿಂಗೇ ತೂಗೀ ಏನು?"

"ಯವ್ವಾ, ಅದು ಹಳೇ ತಕ್ಕಡ್ಯಾಗ..."

"ತಕ್ಕಡಿ ಯಾವುದಾದ್ರೇನು, ಕೈ ನಿಂದಾ ಅಲ್ಲೇನು? ಕೊಟ್ಟುಬಿಡು ನನ್ನ ಬಂಗಾರ."

ಕಾಂಟಾ ಜಪ್ತಿ ಮಾಡಿ, ಚೀಟಿ ಹಚ್ಚಿ, ರಾಯಚೂರಿಗೆ ತಂದೆ. ಅಂದು ಸಂಜೆಯೊಳಗೆ ಐದಾರು ಮನೆಯವರು ಮೌನೇಶನ ಅಂಗಡಿಯಿಂದ ತಮ್ಮ ಬಂಗಾರ ವಾಪಸು ಒಯ್ದರಂತೆ. ಮುಂದಿನ ವಾರ ಅವನ ಅಂಗಡಿಯ ಮೆಟ್ಟಿಲು ಯಾರೂ ಹತ್ತಲಿಲ್ಲವಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಆಫೀಸಿನಲ್ಲಿ ಎದೆಯುಬ್ಬಿಸಿ ವರದಿ ಬರೆಯುತ್ತಿದ್ದೆ. ವರದಿಯಲ್ಲಿ ಕಾಗುಣಿತದ ತಪ್ಪಿದ್ದೀತೇ ಎಂಬುದಷ್ಟೇ ನನ್ನ ಚಿಂತೆ. ನೋಡಿ, ಹಗಲೂ ಇರುಳೂ ಚಿಂತೆ ಮಾಡುವವನಿಗೂ ಮಾಡಬೇಕಾದ ಚಿಂತೆ ಹೊಳೆಯುವುದಿಲ್ಲ.

ಎಂಟು ದಿನದ ಮೇಲೆ ಮಧ್ಯಾಹ್ನ ಮೌನೇಶ ಆಫೀಸಿಗೆ ಬಂದ. ಗಡ್ಡ ಬೆಳೆದಿತ್ತು. ಕೈಯಲ್ಲೊಂದು ಮಡಚಿದ ಕಾಗದ, ಕಂಕುಳಲ್ಲೊಂದು ಹಳೆಯ ಮರದ ಪೆಟ್ಟಿಗೆ.

"ಸಾಹೇಬ್ರ, ನಾ ಜಗಳಾಡಾಕ ಬಂದಿಲ್ಲ. ಒಂದು ಮಾತು ತಿಳಿವಲ್ದು, ಕೇಳಿ ಹೋಗಾಕ ಬಂದೀನಿ." ಕಾಗದ ಬಿಚ್ಚಿದ. ಕಾರ್ಖಾನೆಯ ಪರೀಕ್ಷೆಯ ಪತ್ರ. ನೂರು ಗ್ರಾಮಿನ ಕಲ್ಲಿಟ್ಟರೆ ಸರಿಯಾಗಿ ನೂರು ಗ್ರಾಂ ಎಂದು ಅದರಲ್ಲಿತ್ತು. "ಅಲ್ಲಿ ನೂರು ಇತ್ತು. ಸೀಲ್ ಒಡದಿಲ್ಲ, ನೀವಾ ನೋಡೀರಿ. ಇಲ್ಲಿಗೆ ಬರೂದ್ರಾಗ ಎಂಬತ್ತು ಮಿಲಿ ಕಡಿಮಿ ಆತು. ನಾ ತಿಂದಿಲ್ಲ. ನಮ್ಮ ಭಾವ ತಿಂದಿಲ್ಲ. ದಾರಿಯಾಗ ತಿಂದವ್ರು ಯಾರ್ರೀ ಸಾಹೇಬ್ರ?"

ದಿಲ್ಲಿಯ ಕಡೆ ನೂರು. ದೇವದುರ್ಗದಲ್ಲಿ ಕಡಿಮೆ. ಅದೇ ಕಾಂಟಾ, ಅಷ್ಟೇ ತೂಕದ ಕಲ್ಲು, ಒಡೆಯದ ಸೀಲು. ಬದಲಾದದ್ದು ಊರು ಮಾತ್ರ.

ನಾನು ಎಷ್ಟು ಜೋರಾಗಿ ಎದ್ದೆನೆಂದರೆ ಕುರ್ಚಿ ಹಿಂದಕ್ಕೆ ಬಿತ್ತು.

"ಭೂಮಿ! ಪತ್ತಾರ್, ಭೂಮಿ! ಭೂಮಿ ತಿಂದದ್ರೀ!"

ಒಳಗಿನ ಕೋಣೆಯಿಂದ ಸೈಯದ್ ಸಾಹೇಬರ ದನಿ ಬಂತು: "ಯಾರ ಭೂಮಿಲೇ? ಭೂಮಿ ತಕರಾರಾದ್ರ ತಹಸೀಲ್ದಾರ್ ಕಡೆ ಕಳಸು, ನಮ್ಮ ತಲಿಗ್ಯಾಕ?"

ನನಗೆ ಅವರಿಗೆ ಉತ್ತರ ಕೊಡುವಷ್ಟು ಪುರುಸೊತ್ತಿರಲಿಲ್ಲ. ರದ್ದಿ ಕಾಗದದ ಹಿಂಬದಿಗೆ ಬರೆಯತೊಡಗಿದೆ. ಭೂಮಿ ಸರಿಯಾದ ಚೆಂಡಲ್ಲ; ನಡು ಸ್ವಲ್ಪ ಉಬ್ಬಿದೆ, ಮೇಲೆ ಕೆಳಗೆ ಚಪ್ಪಟೆ. ಮೇಲಾಗಿ ಸದಾ ತಿರುಗುತ್ತಿರುತ್ತದೆ. ಇದರಿಂದ ಉತ್ತರಕ್ಕೆ ಹೋದಂತೆ ಅದರ ಎಳೆತ ಒಂದಿಷ್ಟು ಹೆಚ್ಚು, ನಮ್ಮ ಕಡೆ ಬಂದಂತೆ ಒಂದಿಷ್ಟು ಕಡಿಮೆ. ಕಾಲೇಜಿನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಸೂತ್ರ. ದಿಲ್ಲಿಯ ಎಳೆತ, ನಮ್ಮ ಎಳೆತ, ಕಳೆದು, ಭಾಗಿಸಿ, ನೂರು ಗ್ರಾಮಿಗೆ ಎಷ್ಟು ಎಂದು ನೋಡಿದರೆ... ಎಂಬತ್ತಮೂರು ಮಿಲಿಗ್ರಾಂ! ಪುಸ್ತಕದ ಸೂತ್ರವೊಂದು ಹೀಗೆ ನಮ್ಮ ಬಜಾರಿನ ವಸ್ತುವಿನ ಮೇಲೆ ನೆಟ್ಟಗೆ ಬಂದು ಕೂತದ್ದನ್ನು ನಾನು ಜೀವನದಲ್ಲಿ ಅದೇ ಮೊದಲು ನೋಡಿದ್ದು. ಚಂದ್ರನವರೆಗೂ ಹೋಗಿ ಬರುತ್ತಿದ್ದವನಿಗೆ ಇಷ್ಟು ವರ್ಷ ದಿಲ್ಲಿ ಕಂಡಿರಲಿಲ್ಲ.

ಮೌನೇಶ ತನ್ನ ಮರದ ಪೆಟ್ಟಿಗೆ ತೆರೆದ. ಅಜ್ಜನ ಕಾಲದ ಎರಡು ತಟ್ಟೆಯ ಸಣ್ಣ ತಕ್ಕಡಿ. ಒಂದು ಕಡೆ ನನ್ನ ನೂರು ಗ್ರಾಂ, ಇನ್ನೊಂದು ಕಡೆ ಅವನ ನೂರು ಗ್ರಾಂ ಇಟ್ಟೆವು. ಮುಳ್ಳು ನಟ್ಟನಡುವೆ ನಿಂತಿತು. ನಿಲ್ಲಲೇಬೇಕು! ತಕ್ಕಡಿಯಲ್ಲಿ ಎರಡು ತಟ್ಟೆಯನ್ನೂ ಭೂಮಿ ಒಂದೇ ಸಮ ಎಳೆಯುತ್ತದೆ. ಎಳೆತ ಹೆಚ್ಚಾದರೆ ಎರಡಕ್ಕೂ ಹೆಚ್ಚು, ಕಡಿಮೆಯಾದರೆ ಎರಡಕ್ಕೂ ಕಡಿಮೆ. ದಿಲ್ಲಿಯಾಗಲಿ ದೇವದುರ್ಗವಾಗಲಿ, ಅದು ಹೇಳುವುದು ಬಂಗಾರ ಎಷ್ಟಿದೆ ಎಂದು. ಹೊಸ ಕಾಂಟಾಕ್ಕೆ ಇರುವುದು ಒಂದೇ ತಟ್ಟೆ. ಭೂಮಿ ಎಷ್ಟು ಎಳೆಯಿತು ಎಂಬುದಷ್ಟೇ ಅದಕ್ಕೆ ಗೊತ್ತು. ಅದನ್ನು ಬಳಸುವ ಊರಲ್ಲಿ ಕೂರಿಸಿ, ಗೊತ್ತಿರುವ ಕಲ್ಲಿಟ್ಟು, 'ನೋಡಪ್ಪ, ಈ ಊರಲ್ಲಿ ನೂರು ಅಂದರೆ ಇಷ್ಟು' ಎಂದು ಹೊಸದಾಗಿ ಹೇಳಿಕೊಡಬೇಕು. ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿದ್ದವನು ನಾನು. ನಾನು ಕೂಗಾಡಿ ಬಂದಿದ್ದೆ.

ಸೈಯದ್ ಸಾಹೇಬರು ಹೊರಗೆ ಬಂದು ಎಲ್ಲ ಕೇಳಿಸಿಕೊಂಡರು. "ಆತು ಬಿಡು. ತಪ್ಪಿಲ್ಲ ಅಂತ ಒಂದು ಪತ್ರ ಬರದು ಕೊಡು, ಸಹಿ ಮಾಡ್ತೀನಿ. ಕಾಂಟಾ ವಾಪಸ್ ಕೊಡು."

ಮೌನೇಶ ತಲೆ ಅಲ್ಲಾಡಿಸಿದ. "ಪತ್ರ ಯಾರು ಓದ್ತಾರ್ರೀ ಸಾಹೇಬ್ರ? ನೀವು ಬಾಯಿಲೆ ಅಂದ್ರಿ, ಊರು ಕಿವಿಲೆ ಕೇಳ್ಯದ. ಈಗ ಕಾಗದ ತೋರಿಸಿದ್ರ ಏನಂತಾರ ಹೇಳ್ರಿ? ಸಾಹೇಬ್ರ ಕೈ ಬೆಚ್ಚಗ ಮಾಡಿ ಬರಸ್ಕೊಂಡ್ ಬಂದಾನ ಅಂತಾರ. ಈಗ ಬರೀ ಕಳ್ಳ ಅಂತಾರ, ಆಗ ಶಾಣ್ಯಾ ಕಳ್ಳ ಅಂತಾರ."

"ಮತ್ತ ಏನು ಮಾಡಬೇಕಂತಿ?"

"ಇವ್ರು ಅಂದ ಜಾಗಾದಾಗ, ಅದೇ ಮಂದಿ ಮುಂದ, ಇವ್ರಾ ಬಂದು ಹೇಳ್ಬೇಕು."

ಸಾಹೇಬರು ನನ್ನನ್ನು ಒಳಗೆ ಕರೆದರು. "ಹುಚ್ಚನಂಗ ಮಾಡಬ್ಯಾಡ. ಸರಕಾರಿ ಮನುಷ್ಯಾ ಸಂತಿಯಾಗ ನಿಂತು ತಪ್ಪಾತು ಅಂದ್ರ, ನಾಳೆ ಪ್ರತಿಯೊಬ್ಬ ಕಳ್ಳನೂ ನನ್ನ ಕಾಂಟಾನೂ ಭೂಮಿ ತಿಂತು ಅಂತಾನ. ಮ್ಯಾಲಿನವ್ರು ನೋಟೀಸು ಕೊಡ್ತಾರ. ನಿನಗ ನೋಟೀಸಂದ್ರ ಜ್ವರ ಬರ್ತದ, ನನಗೊತ್ತಿಲ್ಲೇನು?"

ಖರೆ. ಆದರೂ ಬಾಯಿಂದ ಬಂತು: "ಸರ್, ಅವನ ಅಂಗಡಿಗೆ ಯಾರೂ ಬರವಲ್ರಂತ."

ಸಾಹೇಬರು ಅಡಿಕೆ ಕತ್ತರಿಸುತ್ತ ಅಂದರು: "ಸಂತಿ ದಿನ ನಾ ಮಾನ್ವಿ ಕಡೆ ಇರ್ತೀನಿ. ನೀ ಎಲ್ಲಿಗೆ ಹೋಗಿದ್ದಿ ಅನ್ನೂದು ನನಗ ಗೊತ್ತಿಲ್ಲ." ಆಮೇಲೆ, "ಮಾದರಿ ಕಲ್ಲು ಒಯ್ಯೂದು ಮರೀಬ್ಯಾಡ" ಎಂದರು.

ದೇವದುರ್ಗದ ಬಸ್ಸಿನಲ್ಲಿ ನನ್ನ ತಲೆಯೊಳಗೆ ಓಡಿದ ಚಿಂತೆಗಳನ್ನು ಬರೆದರೆ ಅದೇ ಒಂದು ಪುಸ್ತಕವಾದೀತು. ಕರೆಂಟು ಹೋದರೆ? ಸೂತ್ರ ತಪ್ಪಿದ್ದರೆ? ಮಂದಿ ಟೊಮೆಟೊ ಎಸೆದರೆ? ಎಸೆದ ಟೊಮೆಟೊ ಕಾಂಟಾದ ಮೇಲೆ ಬಿದ್ದರೆ? ಮಡಿಲಲ್ಲಿದ್ದ ಕಾಂಟಾ ಬಸ್ಸಿನ ಕುಲುಕಾಟಕ್ಕೇ ಕೆಟ್ಟುಹೋದರೆ?

ಕ್ಯಾಂಪು ನಡೆದಿದ್ದ ಜಾಗ ಬಜಾರಿನ ಒಂದು ಖಾಲಿ ಗೋದಾಮು. ಮೌನೇಶ ಮೇಜು ಹಾಕಿಸಿದ್ದ. ಸಾಹೇಬ ವಾಪಸ್ಸು ಬಂದಿದ್ದಾನೆ ಎಂಬ ಸುದ್ದಿಗೇ ಮಂದಿ ಕೂಡಿದರು. ಅರ್ಧ ಜನ ಮೌನೇಶನನ್ನು ಹಿಡಿದೊಯ್ಯುವುದನ್ನು ನೋಡಲು ಬಂದಿದ್ದರು. ಅಂಥ ಕಾಂಟಾಕ್ಕೆ ಗಾಳಿ ಬಡಿದರೂ ಅಂಕಿ ಕುಣಿಯುತ್ತದೆ. ಫ್ಯಾನು ಬಂದ್ ಮಾಡಿಸಿ, ಬಾಗಿಲು ಅರ್ಧ ಎಳೆಸಿದೆ.

"ಈ ಬಿಸಲಾಗ ಫ್ಯಾನ್ ಬಂದ್ ಮಾಡಿದ್ರ ಸಾಯಬೇಕೇನ್ರೀ ನಾವು?" ಎಂದು ಯಾರೋ ಕೂಗಿದರು.

"ಹತ್ತು ನಿಮಿಷ ಬದುಕ್ರಪಾ, ಆಮ್ಯಾಲ ನಿಮ್ಮಿಷ್ಟ" ಎಂದೆ. ನನ್ನ ಬಾಯಿಂದ ಅಂಥ ಮಾತು ಹೇಗೆ ಬಂತೋ! ನಕ್ಕರು. ಆ ನಗುವಿನಿಂದ ನನಗೆ ಉಸಿರು ಬಂತು.

ಮೊದಲು ಅಜ್ಜನ ತಕ್ಕಡಿ. ಈರಮ್ಮನನ್ನೇ ಮುಂದೆ ಕರೆದು ತೋರಿಸಿದೆ. ಮುಳ್ಳು ನಡುವೆ. "ಇದ್ರಾಗ ಸರಿ ಅದಲ್ಲ ಯವ್ವಾ?" "ಅದ." ಆಮೇಲೆ ಹೊಸ ಕಾಂಟಾ. ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಒಂದು ಏಳು. ಗುಸುಗುಸು ಎದ್ದಿತು. "ನೋಡ್ರಿ, ಕಡಿಮಿನಾ ಅದ." ನಾನು ಸೀಲು ಬಿಚ್ಚಿ, ಗುಂಡಿ ಒತ್ತಿ, ಮಾದರಿ ಕಲ್ಲನ್ನು ತಟ್ಟೆಯ ಮೇಲಿಟ್ಟೆ. ಅಂಕಿಗಳು ಮಾಯವಾದವು. ಯಂತ್ರ ಯೋಚನೆ ಮಾಡಿತು. ನನ್ನ ಬೆವರಿನ ಹನಿಯೊಂದು ಮೂಗಿನ ತುದಿಗೆ ಬಂದು ನಿಂತಿತ್ತು. ಅದು ತಟ್ಟೆಗೆ ಬಿದ್ದರೆ ಎಷ್ಟು ಮಿಲಿಗ್ರಾಂ ಎಂದು ಆಗಲೂ ಲೆಕ್ಕ ಹಾಕುತ್ತಿದ್ದೆ. ಅಂಕಿ ಬೆಳಗಿತು.

ಸರಿಯಾಗಿ ನೂರು. ಮುಂದೆ ಮೂರು ಸೊನ್ನೆ.

"ನೂರು!" ಎಂದು ನಾನೇ ಎಲ್ಲರಿಗಿಂತ ಮೊದಲು ಕೂಗಿದೆ. ಕ್ಯಾಂಪಿನ ದಿನ ಕೂಗಿದ್ದಕ್ಕಿಂತ ಜೋರಾಗಿ. ಕೂಗಿದ ಮೇಲೆ ಹೇಳಿದೆ. ಈ ಕಾಂಟಾಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಇದು ದಿಲ್ಲಿಯ ಭೂಮಿಯ ಎಳೆತಕ್ಕೆ ಕಲಿತಿತ್ತು, ನಮ್ಮ ಭೂಮಿಯ ಎಳೆತ ಅದಕ್ಕಿಂತ ಒಂದಿಷ್ಟು ಕಡಿಮೆ. ಅದು ಗೊತ್ತಿರಬೇಕಾದದ್ದು ನನಗೆ. ಗೊತ್ತಿಲ್ಲದೆ ನಿಮ್ಮೆಲ್ಲರ ಮುಂದೆ ಪತ್ತಾರರನ್ನು ಕಳ್ಳನೆನ್ನುವ ಹಾಗೆ ಮಾತಾಡಿದೆ. ತಪ್ಪು ಕಾಂಟಾದ್ದಲ್ಲ, ಪತ್ತಾರರದ್ದಂತೂ ಅಲ್ಲವೇ ಅಲ್ಲ, ನನ್ನದು.

ಈರಮ್ಮ ಕಣ್ಣು ಕಿರಿದು ಮಾಡಿದಳು. "ಅಂದ್ರ ಯಪ್ಪಾ, ದಿಲ್ಲಿಯಾಗ ಭೂಮಿ ಜಾಸ್ತಿ ಎಳೀತದೇನು?"

"ಹೌದವ್ವಾ."

"ಎಳೀಲಾರದ ಏನು ಮಾಡ್ತದ! ಎಲ್ಲಾ ಆ ಕಡಿಗೇ ಎಳಕೊಂಡು ಕುಂತಾರ."

ಗೋದಾಮು ಹಾರಿಹೋಗುವಂತೆ ನಕ್ಕರು. ಮೌನೇಶನೂ ನಕ್ಕ, ನಗುತ್ತಲೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಈರಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ, ಆ ದಿನ ವಾಪಸು ಒಯ್ದಿದ್ದ ಗುಂಡುಗಳನ್ನು ಮೇಜಿನ ಮೇಲೆ ಸುರುವಿದಳು.

"ತೂಗು."

"ಯಾವುದ್ರಾಗ ತೂಗ್ಲಿ ಯವ್ವಾ?" ಎಂದ ಮೌನೇಶ.

"ಎರಡ್ರಾಗೂ. ನಾನೇನು ಹುಚ್ಚಿಯೇನು?"

ತಕ್ಕಡಿಯಲ್ಲಿ ತೂಗಿದ. ಕಾಂಟಾದಲ್ಲಿ ತೂಗಿದ. ಅಜ್ಜನ ತಕ್ಕಡಿ ಅಷ್ಟು ಸೂಕ್ಷ್ಮ ಹೇಳಲಾರದು, ಆದರೆ ಅದು ಹೇಳಬಲ್ಲಷ್ಟರ ಮಟ್ಟಿಗೆ ಎರಡೂ ಒಂದೇ ಹೇಳಿದವು. ಈರಮ್ಮ ಅಂಕಿಯನ್ನು ನೋಡಲಿಲ್ಲ. ಉದ್ದಕ್ಕೂ ಮೌನೇಶನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಗುಂಡುಗಳನ್ನು ಅವನ ಕಡೆಗೆ ಸರಿಸಿದಳು.

ಇನ್ನು ಮುದ್ರೆ. ಕಾಂಟಾಕ್ಕೆ ಸಿಕ್ಕಿಸಿದ ಬೆರಳುಗುರಿನಷ್ಟು ತಗಡಿನ ಮೇಲೆ ಉಕ್ಕಿನ ಅಚ್ಚು ಹಿಡಿದು ಒಂದೇ ಸುತ್ತಿಗೆ ಏಟು ಹೊಡೆಯಬೇಕು. ಸಾವಿರಾರು ಸಲ ಹೊಡೆದ ಕೈ. ಅಂದು ಅದು ನಿಲ್ಲಲೇ ಒಲ್ಲದು. ಅಚ್ಚು ಜಾರಿತು, ಮುದ್ರೆ ಓರೆಯಾಗಿ ಬಿತ್ತು.

"ಓರೆ ಬಿತ್ತು ಪತ್ತಾರ್. ತಡೀರಿ, ತಗಡು ಬದಲಿ ಮಾಡಿ ಇನ್ನೊಮ್ಮೆ ಹೊಡೀತೀನಿ."

ಮೌನೇಶ ತಗಡಿನ ಮೇಲೆ ಅಂಗೈ ಮುಚ್ಚಿದ.

"ಬ್ಯಾಡ್ರಿ ಸಾಹೇಬ್ರ. ಸೀದಾ ಮುದ್ರಿ ಎಲ್ಲಾರ ಅಂಗಡಿಯಾಗೂ ಅದ. ಇದನ್ನ ಹೊಡಿವಾಗ ನಿಮ್ಮ ಕೈ ನಡುಗಿದ್ದು ಊರೆಲ್ಲಾ ನೋಡ್ಯದ. ನನಗ ಇದಾ ಇರ್ಲಿ."

ಹಾಗೆಂದು ಅವನು ಈರಮ್ಮನ ಕಡೆ ತಿರುಗಿದ. "ಹೇಳು ಯವ್ವಾ, ಗುಂಡು ಎಂಥವು ಮಾಡ್ಲಿ?"